ಕೊಟ್ಟ ವಸ್ತು ವಾಪಸ್ ಕೊಡ್ತಿಲ್ವಾ? ಠಾಣೆ, ಸಣ್ಣ ದಾವೆ, ಲೋಕ ಅದಾಲತ್: ಯಾವ ಬಾಗಿಲು ತಟ್ಟಬೇಕು

ನಮ್ಮಮ್ಮನ ಹೊಲಿಗೆ ಮಿಷನ್ 14 ತಿಂಗಳು ಬೇರೆಯವರ ಮನೆಯಲ್ಲಿತ್ತು. ಕೊಟ್ಟಿದ್ದು ಮೂರು ತಿಂಗಳಿಗೆ. ಪಕ್ಕದ ಬೀದಿಯಲ್ಲಿ ಬ್ಲೌಸ್ ಹೊಲಿಯೋಕೆ ಶುರು ಮಾಡಿದ್ದ ಪರಿಚಯದ ಹೆಂಗಸು, ಸ್ವಂತದ್ದು ತಗೊಳ್ಳೋವರೆಗೆ ಕೊಟ್ಟಿರಿ ಅಕ್ಕಾ ಅಂದರು, ಅಮ್ಮ ಹೋದಮೇಲೆ ಅದು ಸುಮ್ನೆ ಮೂಲೆಯಲ್ಲಿ ಕೂತಿತ್ತು, ಒಬ್ಬರ ಹೊಟ್ಟೆಪಾಡಿಗೆ ಆಗಲಿ ಅಂತ ಕೊಟ್ಟೆ. ಮೂರು ತಿಂಗಳಾದಮೇಲೆ ಕೇಳಿದರೆ "ಭಾನುವಾರ ಕಳಿಸ್ತೀನಿ ಅಕ್ಕಾ." ಆಮೇಲೆ ಫೋನ್ ಎತ್ತೋದು ನಿಂತಿತು. ಕೊನೆಗೆ ಮನೆಗೇ ಹೋದೆ. ಬಾಗಿಲಲ್ಲೇ ನಿಲ್ಲಿಸಿ "ಅದನ್ನ ನೀವು ನಂಗೆ ಕೊಟ್ಟೇಬಿಟ್ರಲ್ಲ" ಅಂದರು. ಒಳಗಿಂದ ನಮ್ಮ ಮಿಷನ್ ಓಡೋ ಸದ್ದು ಕೇಳ್ತಾ ಇತ್ತು.

ಆ ದಿನದಿಂದ ಮಿಷನ್ ಮನೆಗೆ ಬರುವವರೆಗೆ ನಾನು ತಿರುಗಿದ ಜಾಗಗಳು, ಕೇಳಿ ತಿಳಿದ ವಿಷಯಗಳು ಇಲ್ಲಿವೆ. ಬೈಕು, ಕ್ಯಾಮೆರಾ, ಲ್ಯಾಪ್‌ಟಾಪ್, ಮದುವೆಗೆ ಅಂತ ಒಯ್ದ ಹಿತ್ತಾಳೆ ಪಾತ್ರೆ, ಔಷಧಿ ಹೊಡೆಯೋ ಪಂಪು, ಏನೇ ಇರಲಿ, ಕೊಡದೆ ಸತಾಯಿಸುವವರ ಹತ್ತಿರ ಸಿಕ್ಕಿಹಾಕಿಕೊಂಡಿದ್ದರೆ ಓದಿ. ಇದು ಕರ್ನಾಟಕದ ಲೆಕ್ಕ. ಹೊರದೇಶದಲ್ಲಿ ಇರುವವರಿಗೆ ಮುಂದೆ ಎರಡು ಮಾತು ಇದೆ.

ಮೊದಲು ಒಂದು ಪ್ರಶ್ನೆ

ನಿಮಗೆ ಬೇಕಾಗಿರೋದು ಆ ವಸ್ತುವಾ, ಅದರ ಹಣವಾ?

ಇದನ್ನ ಯಾರೂ ನನ್ನನ್ನ ಮೊದಲು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಸಿಟ್ಟಿನಲ್ಲಿ ಇರೋವಾಗ ಎರಡೂ ಒಂದೇ ಅನ್ನಿಸುತ್ತೆ. ಆದರೆ ದಾರಿ ಆರಿಸೋದು ಪೂರ್ತಿ ಇದರ ಮೇಲೆ ನಿಂತಿದೆ. ಅಂಗಡಿಯಲ್ಲಿ ಹೋಗಿ ಅದೇ ಮಾಡೆಲ್ ಮಿಕ್ಸಿ ತರಬಹುದು ಅಂತಾದರೆ ನಿಮಗೆ ಬೇಕಾಗಿರೋದು ಹಣ, ಮಿಕ್ಸಿ ಅಲ್ಲ. ಹಣದ ಆದೇಶ ಪಡೆಯೋದು ಸುಲಭ, ವಸೂಲಿನೂ ತಕ್ಕಮಟ್ಟಿಗೆ ನೇರ. ವಸ್ತುವೇ ಬೇಕು, ಅದೇ ಬೇಕು ಅಂತಾದರೆ ಬೇರೆ ಯೋಚನೆ: ಅದು ಎಲ್ಲಿದೆ, ಯಾರ ಕೈಯಲ್ಲಿದೆ, ನಾಳೆಯೂ ಅಲ್ಲೇ ಇರುತ್ತಾ, ಅದು ನನ್ನದೇ ಅಂತ ಹೇಗೆ ತೋರಿಸಲಿ. ನನ್ನ ಮಿಷನ್ನಿಗೆ ಗುಜರಿಯಲ್ಲಿ ಏನೂ ಬರೋದಿಲ್ಲ. ಆದರೆ ಅದರ ಹಲಗೆಯ ಅಂಚಿಗೆ ಅಮ್ಮ ಅಂಟಿಸಿದ ಹಳದಿ ಅಳತೆ ಟೇಪು ಇದೆ, ಪ್ರತಿ ಸಲ ಟೇಪು ಹುಡುಕೋದು ಬೇಡ ಅಂತ ಅಂಟಿಸಿದ್ದು. ಎಡಗಡೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಪ್ಪು ಗುರುತು. ನನಗೆ ಹಣ ಬೇಡವಾಗಿತ್ತು.

ಕಾನೂನಿನಲ್ಲೂ ಈ ವ್ಯತ್ಯಾಸಕ್ಕೆ ಜಾಗ ಇದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 7 ಮತ್ತು 8ನೇ ಕಲಂ ಚರವಸ್ತುವನ್ನೇ, ಅಂದರೆ ಎತ್ತಿ ಸಾಗಿಸಬಹುದಾದ ವಸ್ತುವನ್ನೇ ವಾಪಸ್ ಪಡೆಯುವುದರ ಬಗ್ಗೆ ಇವೆ. ನಂಬಿಕೆಯ ಮೇಲೆ ಇಟ್ಟುಕೊಂಡವರು, ಅಥವಾ ಹಣ ಕೊಟ್ಟರೂ ನಷ್ಟ ತುಂಬದಂಥ ವಸ್ತು ಇಟ್ಟುಕೊಂಡವರು, ವಸ್ತುವನ್ನೇ ಕೊಡಬೇಕು ಅಂತ ಕೋರ್ಟು ಹೇಳಬಹುದು. ಹಾಗಾಗಿ "ಅಮ್ಮನ ನೆನಪು" ಅನ್ನೋದನ್ನ ಬರೀ ಭಾವನೆಯ ಮಾತು ಅಂದುಕೊಂಡು ಅರ್ಜಿಯಿಂದ ಬಿಡಬೇಡಿ. ಅಲ್ಲಿ ಅದಕ್ಕೆ ತೂಕ ಇದೆ.

ಇನ್ನೊಂದು ಸಮಾಧಾನದ ವಿಷಯ. ಬಾಡಿಗೆ ಇಲ್ಲದೆ ಬಳಸೋಕೆ ಕೊಟ್ಟ ವಸ್ತುವನ್ನ ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ಕೇಳಬಹುದು, ಇಷ್ಟು ದಿನಕ್ಕೆ ಅಂತ ಹೇಳಿ ಕೊಟ್ಟಿದ್ದರೂ ಸರಿ. 1872ರ ಕರಾರು ಕಾಯ್ದೆಯ 159ನೇ ಕಲಂ ಇದು. ಮಾತಾಡಿದ ದಿನಕ್ಕೂ ಮುಂಚೆ ಕೇಳಿದ್ದರಿಂದ ಅವರಿಗೆ ಆದ ಲಾಭಕ್ಕಿಂತ ನಷ್ಟ ಜಾಸ್ತಿ ಆದರೆ ಆ ವ್ಯತ್ಯಾಸ ನೀವು ಕೊಡಬೇಕು, ಅಷ್ಟೇ. ಹೇಳಿದ ಅವಧಿ ಮುಗಿದಿದ್ದರೆ ನೀವು ಕೇಳಲೂ ಬೇಕಾಗಿಲ್ಲ, ಅವರೇ ತಂದುಕೊಡಬೇಕು. ಕೊಡಬೇಕಾದ ದಿನ ಕೊಡದೆ ಇಟ್ಟುಕೊಂಡು, ಆಮೇಲೆ ಮಳೆನೀರು ನುಗ್ಗಿ ಹಾಳಾಯ್ತು, ಕಳ್ಳತನ ಆಯ್ತು ಅಂದರೆ ಅದರ ಹೊಣೆಯೂ ಅವರದ್ದೇ, 161ನೇ ಕಲಂ.

ಯಾವ ದಾರಿಗಾದರೂ ಬೇಕಾದ ಮೂರು ಕಾಗದ

ವಸ್ತು ನಿಮ್ಮದು ಅನ್ನೋಕೆ ಒಂದು, ಅವರ ಹತ್ತಿರ ಹೋಯ್ತು ಅನ್ನೋಕೆ ಒಂದು, ನೀವು ಕೇಳಿದಿರಿ ಅವರು ಕೊಡಲಿಲ್ಲ ಅನ್ನೋಕೆ ಒಂದು. ಇಷ್ಟು ಇದ್ದರೆ ಎಲ್ಲಿ ಹೋದರೂ ನಿಮ್ಮ ಮಾತಿಗೆ ಬೆಲೆ.

ಬಿಲ್ಲು ಇಲ್ಲದಿದ್ದರೆ ಕೈಚೆಲ್ಲಬೇಡಿ. ನನ್ನ ಹತ್ತಿರವೂ ಇರಲಿಲ್ಲ. ಹಳೇ ಫೋಟೋ ಡಬ್ಬಿ ಸುರುವಿಕೊಂಡು ಕೂತೆ. ತಂಗಿಯ ಸೀಮಂತದ ದಿನ ಅಮ್ಮ ಮಿಷನ್ ಮುಂದೆ ಕೂತಿದ್ದ ಒಂದು ಫೋಟೋ ಸಿಕ್ಕಿತು, ದೊಡ್ಡದು ಮಾಡಿ ನೋಡಿದರೆ ತಳದಲ್ಲಿ ಕೆತ್ತಿದ ನಂಬರಿನ ಕೊನೆಯ ನಾಲ್ಕು ಅಂಕಿ ಓದೋಕೆ ಬರುತ್ತೆ. ಹಲಗೆಯ ಸುಟ್ಟ ಗುರುತೂ ಕಾಣುತ್ತೆ. ಎಲ್ಲಾ ಕಡೆ ಕೆಲಸಕ್ಕೆ ಬಂದಿದ್ದು ಆ ಫೋಟೋ. ಬೈಕಾದರೆ ಆರ್‌ಸಿ, ಫೋನಾದರೆ ಐಎಂಇಐ ನಂಬರು, ಕ್ಯಾಮೆರಾ ಆದರೆ ಸೀರಿಯಲ್ ನಂಬರು, ಒಡವೆಯಾದರೆ ಅಂಗಡಿ ರಸೀದಿ ಅಥವಾ ಹಾಕಿಕೊಂಡ ಮದುವೆ ಫೋಟೋ.

ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು, ಫೋನನ್ನೂ ಜೋಪಾನ ಮಾಡಿ. ಕೋರ್ಟಿನಲ್ಲಿ ಇಂಥ ದಾಖಲೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಸೇರಿಸಬೇಕಾಗುತ್ತೆ. ಹಳೇ ಕಾನೂನಿನ 65ಬಿ ಅಂತ ವಕೀಲರು ಈಗಲೂ ಬಾಯಿಮಾತಿನಲ್ಲಿ ಹೇಳೋದು ಇದನ್ನೇ.

ಮೂರನೇ ಕಾಗದವೇ ನೋಟಿಸು. ವಕೀಲರಿಂದ ಕಳಿಸಿದರೆ ಗಂಭೀರವಾಗಿ ತಗೋತಾರೆ, ನೀವೇ ಬರೆದರೂ ನಡೆಯುತ್ತೆ. ಯಾವ ವಸ್ತು, ಯಾವಾಗ ಯಾಕೆ ಕೊಟ್ಟಿದ್ದು, ಎಷ್ಟು ದಿನದೊಳಗೆ ಎಲ್ಲಿಗೆ ತಂದುಕೊಡಬೇಕು, ಇಷ್ಟಿದ್ದರೆ ಸಾಕು. ಬೈಗುಳ, ಬೆದರಿಕೆ ಬೇಡ, ಮುಂದೆ ಅದನ್ನ ನಿಮ್ಮ ಎದುರೇ ಓದುತ್ತಾರೆ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಮತ್ತು ತಲುಪಿದ ದಾಖಲೆ ಎತ್ತಿಡಿ. ಎಷ್ಟೋ ವಸ್ತುಗಳು ನೋಟಿಸಿಗೇ ವಾಪಸ್ ಬರುತ್ತವೆ. ನನ್ನದು ಬರಲಿಲ್ಲ, ಆದರೆ "ನೀವು ಯಾವತ್ತೂ ಕೇಳೇ ಇಲ್ಲ" ಅನ್ನೋ ಮಾತಿಗೆ ಅಲ್ಲಿಗೆ ಬಾಗಿಲು ಮುಚ್ಚಿತು.

ದಿನಗಳ ಲೆಕ್ಕವೂ ಇದರ ಜೊತೆ ಇದೆ. ಚರವಸ್ತು ವಾಪಸ್ ಕೇಳೋ ದಾವೆಗೆ ಮೂರು ವರ್ಷದ ಗಡುವು. ನಂಬಿ ಇಡೋಕೆ ಕೊಟ್ಟಿದ್ದಾದರೆ ನೀವು ಕೇಳಿ ಅವರು ಕೊಡಲ್ಲ ಅಂದ ದಿನದಿಂದ. ಕದ್ದದ್ದೋ ಲಪಟಾಯಿಸಿದ್ದೋ ಆದರೆ ಅದು ಯಾರ ಹತ್ತಿರ ಇದೆ ಅಂತ ನಿಮಗೆ ಮೊದಲು ಗೊತ್ತಾದ ದಿನದಿಂದ. ನಿಮ್ಮದು ಯಾವುದರ ಕೆಳಗೆ ಬರುತ್ತೆ ಅಂತ ವಾದ ಮಾಡೋ ಪರಿಸ್ಥಿತಿಗೇ ಹೋಗಬೇಡಿ, ಎಲ್ಲಕ್ಕಿಂತ ಮೊದಲಿನ ದಿನ ಹಿಡಿದು ಎಣಿಸಿ. ನಾಚಿಕೆಗೆ, ದಾಕ್ಷಿಣ್ಯಕ್ಕೆ, ಹಬ್ಬ ಮುಗೀಲಿ ಅಂತ ಕಾಯೋದರಲ್ಲಿ ಮೂರು ವರ್ಷ ಬೇಗ ಹೋಗುತ್ತೆ.

ಠಾಣೆಗೆ ಹೋಗೋದಾ?

ಎಲ್ಲರೂ ಮೊದಲು ಹೇಳೋದು ಇದನ್ನೇ. "ಒಂದು ಕಂಪ್ಲೇಂಟ್ ಕೊಡಿ, ಸಂಜೆಯೊಳಗೆ ತಂದಿಡ್ತಾರೆ." ಕೆಲವು ಸಲ ಹಾಗೇ ಆಗುತ್ತೆ, ಸುಳ್ಳಲ್ಲ. ಆದರೆ ಅದನ್ನೇ ನಂಬಿ ಹೋದರೆ ನನ್ನ ಹಾಗೆ ಬೆಂಚಿನ ಮೇಲೆ ಎರಡು ದಿನ ಕೂರಬೇಕಾಗುತ್ತೆ.

ನಂಬಿ ಕೊಟ್ಟ ವಸ್ತುವನ್ನ ಮೋಸದಿಂದ ತಮ್ಮದು ಮಾಡಿಕೊಂಡರೆ ಅದು ನಂಬಿಕೆದ್ರೋಹದ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ, ಐದು ವರ್ಷದವರೆಗೆ ಶಿಕ್ಷೆ ಇದೆ. ಹಳೇ ಐಪಿಸಿಯ 406ರಲ್ಲಿ ಮೂರು ವರ್ಷ ಇತ್ತು. ಇಲ್ಲಿ ಮುಖ್ಯವಾದ ಪದ ಮೋಸ. ಕೊಡೋದು ತಡ ಮಾಡೋದು, ಉಡಾಫೆ ಮಾಡೋದು, "ನಂಗೇ ಕೊಟ್ಟಿದ್ದು" ಅಂತ ಜಗಳ ತೆಗೆಯೋದು, ಇವೆಲ್ಲ ಬಂದಾಗ ಪೊಲೀಸರು "ಮೇಡಂ, ಇದು ಸಿವಿಲ್ ಮ್ಯಾಟರ್" ಅನ್ನುತ್ತಾರೆ. ನನಗೂ ಅದೇ ಹೇಳಿದರು. ಬೇಜಾರಾಯಿತು, ಆದರೆ ಯೋಚನೆ ಮಾಡಿದರೆ ಅದರಲ್ಲಿ ಅರ್ಥ ಇದೆ: ಎರಡೂ ಕಡೆಯವರು ನನ್ನದು ಅನ್ನುವಾಗ ಯಾರದು ಅಂತ ತೀರ್ಮಾನ ಮಾಡೋ ಅಧಿಕಾರ ಠಾಣೆಗೆ ಇಲ್ಲ.

ಹಾಗಂತ ಹೋಗಲೇಬೇಡಿ ಅಂತಲ್ಲ. ವಸ್ತು ಬೈಕೋ ಕಾರೋ ಆದರೆ ಮೊದಲ ಬಾಗಿಲೇ ಠಾಣೆ, ತಡ ಮಾಡಲೇಬೇಡಿ. ಆರ್‌ಸಿ ನಿಮ್ಮ ಹೆಸರಲ್ಲಿ ಇರುವವರೆಗೆ ಆ ಗಾಡಿ ಯಾರಿಗಾದರೂ ಡಿಕ್ಕಿ ಹೊಡೆದರೆ ಪರಿಹಾರದ ಕೇಸು ನಿಮ್ಮ ಮನೆ ಬಾಗಿಲಿಗೆ ಬರುತ್ತೆ. ಚಿನ್ನ, ಅಡವಿಡೋಕೆ ಮಾರೋಕೆ ಸುಲಭವಾದ ವಸ್ತು, ಆಗಲೇ ಮಾರಿದ್ದಾರೆ ಅನ್ನೋ ಸುಳಿವು, ಇವಕ್ಕೂ ಠಾಣೆಯೇ. ಅವರು ದೂರು ತಗೊಳ್ಳದಿದ್ದರೆ ಎಸ್‌ಪಿ ಅಥವಾ ಬೆಂಗಳೂರಿನಂಥ ಊರಲ್ಲಿ ಡಿಸಿಪಿಗೆ ಬರೆದು ಕಳಿಸಿ, ಆಮೇಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 175(3)ರ ಅರ್ಜಿ ಹಾಕಬಹುದು.

ಪೊಲೀಸರು ವಸ್ತು ವಶಪಡಿಸಿಕೊಂಡರೆ ಅದು ನೇರ ನಿಮ್ಮ ಮನೆಗೆ ಬರಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅದು ಕೇಸಿನ ಮುದ್ದೆಮಾಲು, ಅಂದರೆ ಸಾಕ್ಷಿಯಾಗಿ ಇಡೋ ವಸ್ತು. ಬಿಡಿಸಿಕೊಳ್ಳೋಕೆ ಕೋರ್ಟಿಗೆ ಅರ್ಜಿ ಹಾಕಬೇಕು, ಬಾಂಡ್ ಬರೆದುಕೊಡಬೇಕು. ಇಂಥ ವಸ್ತುಗಳು ಠಾಣೆಯಲ್ಲಿ ಕೊಳೆಯೋಕೆ ಬಿಡಬಾರದು, ಫೋಟೋ ತೆಗೆದು ಪಂಚನಾಮೆ ಮಾಡಿ ಬೇಗ ಬಿಡುಗಡೆ ಮಾಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅರ್ಜಿ ಹಾಕುವಾಗ ವಕೀಲರಿಗೆ ಇದನ್ನ ನೆನಪು ಮಾಡಿ.

ಠಾಣೆಯಲ್ಲಿ ಏನೂ ಆಗಲಿಲ್ಲ ಅಂದರೂ ಬರಿಗೈಯಲ್ಲಿ ಬರಬೇಡಿ. ದೂರು ಏನಾಯ್ತು ಅಂತ ಠಾಣೆಯವರು ಬರೆದುಕೊಡೋ ಹಿಂಬರಹ ಕೇಳಿ ತಗೊಳ್ಳಿ. ನನಗೆ ಕೊಟ್ಟ ಹಿಂಬರಹ ಒಂದೇ ಪುಟ. ಇದು ಸಿವಿಲ್ ಸ್ವರೂಪದ್ದು, ಕೋರ್ಟಿನಲ್ಲಿ ಪರಿಹಾರ ಮಾಡಿಕೊಳ್ಳಿ ಅಂತ ಕೊನೆಯಲ್ಲಿ ಇತ್ತು. ಆದರೆ ನಡುವೆ ಒಂದು ಸಾಲು: ಎದುರುದಾರರನ್ನ ಕರೆಸಿ ವಿಚಾರಿಸಿದಾಗ ಮಿಷನ್ ರಿಪೇರಿಗೆ ಕೊಟ್ಟಿರುವುದಾಗಿ, ಬಂದ ಕೂಡಲೇ ಹಿಂದಿರುಗಿಸುವುದಾಗಿ ತಿಳಿಸಿರುತ್ತಾರೆ. ನನ್ನ ಹತ್ತಿರ "ನಂಗೇ ಕೊಟ್ಟುಬಿಟ್ರಿ" ಅಂದವರು ಠಾಣೆಯಲ್ಲಿ "ಹಿಂದಿರುಗಿಸ್ತೀನಿ" ಅಂದಿದ್ದರು. ಎರಡು ದಿನ ಕೂತಿದ್ದಕ್ಕೆ ಆ ಸಾಲು ಸಾಕಾಯಿತು.

ಸಣ್ಣ ದಾವೆ: ಏನು ಸಿಗುತ್ತೆ, ಏನು ಸಿಗಲ್ಲ

ಅಮೆರಿಕದಲ್ಲಿ ಇರುವ ನೆಂಟರು ಹೇಳೋದು ಕೇಳಿ ನಮಗೂ ಹಾಗೇ ಇದೆ ಅಂದುಕೊಂಡಿದ್ದೆ. ಅಲ್ಲಿ ಸ್ಮಾಲ್ ಕ್ಲೇಮ್ಸ್ ಕೋರ್ಟು ಅಂದರೆ ನೀವೇ ಫಾರಂ ತುಂಬಿ, ನೀವೇ ನಿಂತು ಮಾತಾಡಿ ಮುಗಿಸೋದು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು, ವಿಚಾರಣೆಗೆ ವಕೀಲರು ಬರುವಂತಿಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 10,000 ಪೌಂಡ್‌ವರೆಗಿನ ಹಣದ ವ್ಯಾಜ್ಯ ಸಣ್ಣ ಕ್ಲೇಮಿನ ದಾರಿಯಲ್ಲಿ ಹೋಗುತ್ತೆ. ಅಲ್ಲಿರುವ ಕನ್ನಡಿಗರು, ರೂಮ್‌ಮೇಟ್ ಸಾಮಾನು ಇಟ್ಟುಕೊಂಡಿದ್ದಾರೆ ಅಂತ ಕೊರಗುವವರು, ಧೈರ್ಯವಾಗಿ ಹೋಗಿ. ಆದರೆ ಅಮೆರಿಕದಲ್ಲಿ ಮಿತಿ, ನಿಯಮ ರಾಜ್ಯಕ್ಕೊಂದು ಥರ, ಬಹಳ ಕಡೆ ಅಲ್ಲಿ ಸುಲಭವಾಗಿ ಸಿಗೋದು ಹಣದ ಆದೇಶ. ಅಲ್ಲೂ ಮೊದಲ ಪ್ರಶ್ನೆ ಅದೇ ಆಯ್ತು, ವಸ್ತುವಾ ಹಣವಾ.

ನಮ್ಮಲ್ಲಿ 1964ರ ಕರ್ನಾಟಕ ಲಘು ವ್ಯವಹಾರಗಳ ನ್ಯಾಯಾಲಯ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಅದಕ್ಕೆ ಪ್ರತ್ಯೇಕ ಕೋರ್ಟೇ ಇದೆ, ಆದರೆ ಅಲ್ಲಿ ನೀವು ಜಾಸ್ತಿ ನೋಡೋದು ರಸ್ತೆ ಅಪಘಾತದ ಪರಿಹಾರದ ಕೇಸುಗಳನ್ನ. ಬೇರೆ ಊರುಗಳಲ್ಲಿ ಅಲ್ಲಿನ ಸಿವಿಲ್ ಜಡ್ಜ್ ಅವರೇ ಆ ಅಧಿಕಾರದಲ್ಲಿ ಸಣ್ಣ ದಾವೆ ನಡೆಸುತ್ತಾರೆ. ಕೇಸಿನ ನಂಬರು ನೋಡಿದರೆ ಗೊತ್ತಾಗುತ್ತೆ: ಲಘು ವ್ಯವಹಾರದ ದಾವೆ ಎಸ್.ಸಿ., ಮಾಮೂಲಿ ದಾವೆ ಒ.ಎಸ್.

ಎಸ್.ಸಿ. ದಾವೆಯ ಅನುಕೂಲ ಅಂದರೆ ವಿಚಾರಣೆ ಚುಟುಕು, ತೀರ್ಪು ಬಂದಮೇಲೆ ಮೇಲ್ಮನವಿಗಳ ಸರಣಿ ಇಲ್ಲ, ಹೈಕೋರ್ಟಿಗೆ ರಿವಿಷನ್ ಅರ್ಜಿ ಹಾಕಬಹುದು ಅಷ್ಟೇ. ಬೆಲೆ ಕಟ್ಟಿ ಹಣ ಕೇಳೋರಿಗೆ ಇದು ಒಳ್ಳೆ ದಾರಿ. ಆದರೆ ನಿಮಗೆ "ಅದನ್ನ ಮಾರಬಾರದು" ಅಂತ ತಡೆಯಾಜ್ಞೆ ಬೇಕು, "ಇದು ನನ್ನದೇ" ಅಂತ ಘೋಷಣೆ ಬೇಕು ಅಂತಾದರೆ ಒ.ಎಸ್. ದಾವೆಯೇ ಹಾಕಬೇಕಾಗುತ್ತೆ. ವಸ್ತುವೇ ಬೇಕು ಅನ್ನೋರಿಗೆ ಈ ತಡೆಯಾಜ್ಞೆ ಬಹಳ ದೊಡ್ಡದು. ದಾವೆ ಹಾಕಿದ ಸುದ್ದಿ ಸಿಕ್ಕಿದ ದಿನವೇ ಸಾಮಾನು ಮನೆಯಿಂದ ಮಾಯ ಆಗೋದು ಹೊಸದೇನಲ್ಲ. ಕೋರ್ಟ್ ಕಮಿಷನರ್ ನೇಮಿಸಿ, ಅವರು ಹೋಗಿ ವಸ್ತು ನೋಡಿ ಫೋಟೋ ತೆಗೆದು ವರದಿ ಕೊಡಲಿ ಅಂತಲೂ ಕೇಳಬಹುದು.

ಕೋರ್ಟ್ ಶುಲ್ಕ ವಸ್ತುವಿನ ಇವತ್ತಿನ ಮಾರುಕಟ್ಟೆ ಬೆಲೆಯ ಮೇಲೆ. ಆದ್ದರಿಂದ ಹೊಸದರ ಬೆಲೆ ಬರೆದು ಜಾಸ್ತಿ ಶುಲ್ಕ ಕಟ್ಟಬೇಡಿ, ಹಾಗಂತ ತೀರಾ ಕಡಿಮೆಯೂ ಬರೆಯಬೇಡಿ. ಯಾಕೆಂದರೆ ಚರವಸ್ತು ಕೊಡಿ ಅಂತ ಡಿಕ್ರಿ (ತೀರ್ಪಿನ ಆದೇಶ) ಮಾಡುವಾಗ, ವಸ್ತು ಸಿಗದೇ ಹೋದರೆ ಇಷ್ಟು ಹಣ ಕೊಡಬೇಕು ಅಂತಲೂ ಕೋರ್ಟು ಬರೆಯುತ್ತೆ. ನೀವು ಬರೆದ ಬೆಲೆಯೇ ಅಲ್ಲಿ ನಿಮ್ಮ ಎದುರು ಬಂದು ನಿಲ್ಲುತ್ತೆ. ವಕೀಲರಿಲ್ಲದೆ ನೀವೇ ನಡೆಸಬಹುದು, ಕಾನೂನಿನ ಅಡ್ಡಿ ಇಲ್ಲ. ಆದರೂ ವಾದಪತ್ರ ಒಂದನ್ನಾದರೂ ತಿಳಿದವರ ಕೈಯಲ್ಲಿ ಬರೆಸಿ.

ದಾವೆ ಗೆದ್ದ ದಿನ ಕೆಲಸ ಮುಗಿಯಲ್ಲ ಅನ್ನೋದೇ ಈ ದಾರಿಯ ಕಷ್ಟ. ಅವರು ಆಗಲೂ ಕೊಡದಿದ್ದರೆ ತೀರ್ಪು ಜಾರಿ ಮಾಡಿಸಿ ಅಂತ ಅಮಲ್ಜಾರಿ ಅರ್ಜಿ ಹಾಕಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 31ನೇ ನಿಯಮ ಇದಕ್ಕೆಂದೇ ಇದೆ. ಕೋರ್ಟಿನ ಅಮೀನರು ಹೋಗಿ ಆ ವಸ್ತುವನ್ನೇ ಜಪ್ತಿ ಮಾಡಿ ನಿಮಗೆ ಒಪ್ಪಿಸಬಹುದು. ಅದಾಗದಿದ್ದರೆ ಅವರನ್ನ ಸಿವಿಲ್ ಬಂಧನದಲ್ಲಿಡಬಹುದು, ಬೇರೆ ಆಸ್ತಿ ಜಪ್ತಿ ಮಾಡಬಹುದು, ಜಪ್ತಿ ಮೂರು ತಿಂಗಳಾದರೂ ಬಗ್ಗದಿದ್ದರೆ ಅದನ್ನ ಮಾರಿ ನಿಮಗೆ ಪರಿಹಾರ ಕೊಡಿಸಬಹುದು. ಹಲ್ಲು ಇರುವ ಕಾನೂನು. ಆದರೆ ಅಲ್ಲಿಗೆ ಮುಟ್ಟೋಕೆ ಸಮನ್ಸ್ ತಲುಪಬೇಕು, ವಾಯಿದೆ ಮೇಲೆ ವಾಯಿದೆ ಹೋಗಬೇಕು, ಪ್ರತಿ ಸಲ ಕೆಲಸಕ್ಕೆ ರಜೆ. ನಾನು ಕೂತು ಲೆಕ್ಕ ಹಾಕಿದೆ. ನನ್ನ ಮಿಷನ್ನು ಒಂದು ಮಳೆಗಾಲ ಆ ಶೀಟ್ ಮನೆಯಲ್ಲಿ ಕಳೆದಿತ್ತು, ಇನ್ನೆರಡು ಮಳೆಗಾಲ ಅಲ್ಲೇ ಇದ್ದರೆ ಹಲಗೆ ಉಳಿಯುತ್ತಾ?

ನಾನು ಆರಿಸಿದ್ದು ಲೋಕ ಅದಾಲತ್

ಲೋಕ ಅದಾಲತ್ ಅಂದರೆ ಎರಡೂ ಕಡೆಯವರನ್ನ ಕೂರಿಸಿ ರಾಜಿ ಮಾಡಿಸೋ ಜಾಗ. ಅದು ಕೋರ್ಟಿನಲ್ಲಿ ಇರುವ ಕೇಸುಗಳಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕೇಸೇ ಹಾಕದ ಜಗಳವನ್ನೂ ವ್ಯಾಜ್ಯಪೂರ್ವ ಅರ್ಜಿಯಾಗಿ ಕೊಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಇದೆ. ನಿಮ್ಮ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅಥವಾ ಜಿಲ್ಲಾ ಪ್ರಾಧಿಕಾರದ ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತೆ. ಶುಲ್ಕ ಇಲ್ಲ. ಗೊತ್ತಾಗದಿದ್ದರೆ 15100ಕ್ಕೆ ಫೋನ್ ಮಾಡಿ ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನೂ ಕೊಡುತ್ತಾರೆ, ದಾವೆ ಹಾಕೋಕೂ ಸಹ. ಇದು ನಮ್ಮ ಹಕ್ಕು, ಯಾರ ಹಂಗೂ ಅಲ್ಲ.

ಒಂದು ಪುಟದ ಅರ್ಜಿ, ಅದಕ್ಕೆ ಫೋಟೋ, ನೋಟಿಸಿನ ನಕಲು, ಹಿಂಬರಹ ಲಗತ್ತಿಸಿದೆ. ಅವರಿಗೆ ಕೋರ್ಟಿನ ಮೊಹರು ಇರುವ ನೋಟಿಸು ಹೋಯಿತು. ಮೊದಲ ದಿನ ಬರಲಿಲ್ಲ. ಎರಡನೇ ಸಲ ಗಂಡನ ಜೊತೆ ಬಂದರು.

ಈ ದಾರಿಯ ದೌರ್ಬಲ್ಯ ಇದೇ: ಬರಲೇಬೇಕು ಅಂತ ಕಟ್ಟಿ ಎಳೆತರೋ ಅಧಿಕಾರ ಇಲ್ಲ, ಬಂದರೂ ಒಪ್ಪಲೇಬೇಕು ಅಂತಿಲ್ಲ. ಒಬ್ಬರು ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು, ನೀವು ದಾವೆಗೇ ಹೋಗಬೇಕು. ಮಾತುಕತೆ ನಡೀತಿದೆ ಅಂತ ಮೂರು ವರ್ಷದ ಗಡುವನ್ನ ಮರೆತು ಕೂರಬೇಡಿ. ಊರು ಬಿಟ್ಟು ಹೋದವರು, ವಸ್ತು ನೋಡೇ ಇಲ್ಲ ಅನ್ನುವವರು, ಆಗಲೇ ಮಾರಿಬಿಟ್ಟವರು, ಇಂಥವರಿಗೆ ಲೋಕ ಅದಾಲತ್ ಹೊಂದಲ್ಲ. ಆದರೆ ವಸ್ತು ಅವರ ಮನೆಯಲ್ಲೇ ಇದೆ, ಇಬ್ಬರೂ ಒಂದೇ ಊರಲ್ಲಿ ಮುಖ ನೋಡಿಕೊಂಡು ಬದುಕಬೇಕು, ಅವರಿಗೂ ಒಂದು ಕಷ್ಟ ಇದೆ, ಇಂಥ ಕಡೆ ಇದಕ್ಕಿಂತ ಒಳ್ಳೆ ಜಾಗ ನಾನು ನೋಡಿಲ್ಲ.

ಅವರಿಗೆ ಕಷ್ಟ ಇತ್ತು. ಕೂತು ಮಾತಾಡುವವರೆಗೆ ನನಗೆ ಅದು ಗೊತ್ತಿರಲಿಲ್ಲ. ಹೊಸ ಮಿಷನ್ನಿಗೆ ಕೂಡಿಟ್ಟ ಹಣ ಮಗುವಿನ ಆಸ್ಪತ್ರೆಗೆ ಹೋಗಿತ್ತು, ದಸರಾ ದೀಪಾವಳಿಗೆ ಅಂತ ಮುಂಗಡ ತಗೊಂಡ ಬಟ್ಟೆ ರಾಶಿ ಬಿದ್ದಿತ್ತು. ಕೇಳೋಕೆ ಮುಖ ಇಲ್ಲದೆ ಜಗಳಕ್ಕೆ ನಿಂತಿದ್ದರು. ನ್ಯಾಯಾಧೀಶರು ಹಿಂಬರಹದ ಆ ಸಾಲಿನ ಮೇಲೆ ಬೆರಳಿಟ್ಟು, "ಏನಮ್ಮಾ, ಠಾಣೆಯಲ್ಲಿ ವಾಪಸ್ ಕೊಡ್ತೀನಿ ಅಂದಿದ್ದೀಯಲ್ಲ, ಈಗ ನಿನ್ನದೇ ಅಂತೀಯಾ?" ಅಂತ ಮೆಲ್ಲಗೆ ಕೇಳಿದರು. ಅವರು ಅತ್ತರು. ನನಗೂ ಗಂಟಲು ಕಟ್ಟಿತು. ಹಬ್ಬದ ಬಟ್ಟೆ ಮುಗಿಯೋಕೆ 40 ದಿನ, ಅದರ ಮಾರನೇ ದಿನ ಮಿಷನ್ ನನ್ನ ಮನೆಗೆ, ಸಾಗಿಸೋ ಖರ್ಚು ಅರ್ಧರ್ಧ ಅಂತ ರಾಜಿ ಆಯಿತು. ಕೋರ್ಟು ಇಂಥ 40 ದಿನ ಕೊಡೋದು ಕಷ್ಟ, ಅಲ್ಲಿ ಗೆದ್ದವರು ಸೋತವರು ಇಬ್ಬರೇ.

ರಾಜಿಯ ಮೇಲೆ ಆಗುವ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇದೆ, ಮೇಲ್ಮನವಿ ಇಲ್ಲ. 41ನೇ ದಿನ ಅವರು ಕೊಡದಿದ್ದರೆ ನಾನು ಹೊಸ ದಾವೆ ಹಾಕಬೇಕಾಗಿರಲಿಲ್ಲ, ನೇರ ಅಮಲ್ಜಾರಿಗೆ ಹೋಗಬಹುದಿತ್ತು. ಆಗಲೇ ದಾವೆ ಹಾಕಿದ್ದವರಿಗೂ ಇದು ಸಲ್ಲುತ್ತೆ, ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತೆ.

ನಿಮ್ಮದು ಈ ಥರದ್ದಾದರೆ

ಗಂಡನ ಮನೆಯಲ್ಲಿ ಉಳಿದುಹೋದ ಒಡವೆ, ಪಾತ್ರೆ, ಸರ್ಟಿಫಿಕೇಟುಗಳಿಗೆ ಮೇಲಿನ ಯಾವುದಕ್ಕೂ ಮೊದಲು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ನೋಡಿ. ದೌರ್ಜನ್ಯದ ಅರ್ಜಿಯಲ್ಲೇ ಸ್ತ್ರೀಧನ ವಾಪಸ್ ಕೊಡಿ ಅಂತ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು, 19ನೇ ಕಲಂನ 8ನೇ ಉಪಕಲಂ. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ರಕ್ಷಣಾಧಿಕಾರಿ, ಅವರ ಕಚೇರಿಗೆ ಹೋದರೆ ಅರ್ಜಿಗೆ ನೆರವಾಗಬೇಕಾದ್ದು ಅವರ ಕೆಲಸ. ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ, ಗಂಡನ ಮನೆಯವರು ಇಟ್ಟುಕೊಂಡು ಕೊಡದಿದ್ದರೆ ನಂಬಿಕೆದ್ರೋಹದ ಕೇಸು ಆಗುತ್ತೆ ಅಂತ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ "ಇದು ಸಿವಿಲ್ ಮ್ಯಾಟರ್" ಅನ್ನೋ ಮಾತನ್ನ ಇಲ್ಲಿ ಒಪ್ಪಿಕೊಂಡು ವಾಪಸ್ ಬರಬೇಡಿ.

ಇಟ್ಟುಕೊಂಡಿರೋದು ಅಂಗಡಿಯವರಾದರೆ, ಅಂದರೆ ರಿಪೇರಿಗೆ ಕೊಟ್ಟ ಟಿವಿ, ಡ್ರೈಕ್ಲೀನಿಂಗ್‌ಗೆ ಹೋದ ಸೀರೆ, ಮನೆ ಸಾಮಾನು ಸಾಗಿಸಿದವರ ಲಾರಿಯಲ್ಲಿ ಸಿಕ್ಕಿಕೊಂಡ ಬೀರು, ಜಿಲ್ಲಾ ಗ್ರಾಹಕ ಆಯೋಗ ಹತ್ತಿರದ ದಾರಿ. ಎರಡು ವರ್ಷದೊಳಗೆ ದೂರು ಕೊಡಬೇಕು, ನೀವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ನೋಡಿ. ಆದರೆ ಮಾಡಿಸಿದ ಕೆಲಸದ ಕೂಲಿ ಬಾಕಿ ಇದ್ದರೆ ಅದನ್ನ ಕೊಡುವವರೆಗೆ ವಸ್ತು ಹಿಡಿದಿಟ್ಟುಕೊಳ್ಳೋ ಹಕ್ಕು ರಿಪೇರಿಯವರಿಗೆ ಇದೆ. ಕೂಲಿ ಕೊಡಿ, ರಸೀದಿ ತಗೊಳ್ಳಿ, ಆಮೇಲೆ ಕೇಳಿ.

ಸುಮ್ನೆ ಹೋಗಿ ನಾವೇ ಎತ್ಕೊಂಡು ಬರೋಣ ಅಂತ ನನ್ನ ತಮ್ಮ ಎರಡು ಸಲ ಆಟೋ ಕರೆದಿದ್ದ. ನಾನು ಬಿಡಲಿಲ್ಲ. ನಮ್ಮದೇ ವಸ್ತು ಆದರೂ ಬೇರೆಯವರ ಮನೆಗೆ ನುಗ್ಗಿದರೆ ಅತಿಕ್ರಮ ಪ್ರವೇಶ, ಕೈ ಕೈ ಮಿಲಾಯಿಸಿದರೆ ಇನ್ನೊಂದು ಕೇಸು. ಹಳೇ ಐಪಿಸಿಯ ಕಳ್ಳತನದ ಕಲಂನಲ್ಲಿ ಇದಕ್ಕೆ ಗಡಿಯಾರದ ಉದಾಹರಣೆಯೇ ಇತ್ತು, ಈಗಿನ ಸಂಹಿತೆಯಲ್ಲೂ ಉಳಿದಿದೆ: ರಿಪೇರಿಯ ಹಣ ಬಾಕಿ ಇಟ್ಟು, ಅಂಗಡಿಯವನು ಅದಕ್ಕಾಗಿ ಹಿಡಿದಿಟ್ಟ ನಿಮ್ಮದೇ ಗಡಿಯಾರವನ್ನ ಮೋಸದಿಂದ ಎತ್ತಿಕೊಂಡು ಬಂದರೆ ಅದೂ ಕಳ್ಳತನ. ಇಷ್ಟು ದಿನ ದೂರು ಕೊಟ್ಟವರು ಒಂದೇ ಸಂಜೆಯಲ್ಲಿ ಆರೋಪಿ ಆಗಿಬಿಡುತ್ತೀರಿ.

ರಾಜಿಪತ್ರಕ್ಕೆ ಸಹಿ ಹಾಕುವ ಮೊದಲು ವಸ್ತುವಿನ ಒಂದೊಂದು ಭಾಗವನ್ನೂ ಬರೆಸಿ. ಬೈಕಾದರೆ ಎರಡು ಕೀ, ಆರ್‌ಸಿ, ಹೆಲ್ಮೆಟ್. ಕ್ಯಾಮೆರಾ ಆದರೆ ಲೆನ್ಸು, ಚಾರ್ಜರು, ಕಾರ್ಡು. ನಾನು ಬರೆಸಿದ್ದು "ಹೊಲಿಗೆ ಮಿಷನ್, ಸ್ಟ್ಯಾಂಡ್ ಮತ್ತು ಹಲಗೆ ಸಮೇತ" ಅಂತ ಮಾತ್ರ. ಮಿಷನ್ ಹೇಳಿದ ದಿನಕ್ಕೇ ಬಂತು, ಟೇಪೂ ಹಾಗೇ ಇತ್ತು. ಸಂಜೆ ನೂಲು ಹಾಕೋಣ ಅಂತ ಡ್ರಾಯರ್ ಎಳೆದೆ, ಬಾಬಿನ್ ಕೇಸ್ ಇರಲಿಲ್ಲ. ಫೋನ್ ಮಾಡಿದೆ. ಈ ಸಲ ಮೊದಲ ರಿಂಗಿಗೇ ಎತ್ತಿದರು, ಹತ್ತು ನಿಮಿಷದಲ್ಲಿ ಅವರ ಮಗಳು ಅದನ್ನ ಕರ್ಚೀಫಿನಲ್ಲಿ ಸುತ್ತಿಕೊಂಡು ಓಡಿಬಂದಳು.